ಗರ್ಭಪಾತಕ್ಕೆ ಗಂಡನ ಸಹಿ ಬೇಕೇ? ಮೆಡಿಕಲ್ ಶಾಪ್ ಮಾತ್ರೆ ಸಾಕೇ? ಸರ್ಕಾರಿ ಆಸ್ಪತ್ರೆಯಲ್ಲಿ ಏನು ಸಿಗಬೇಕು?

‘ಗರ್ಭಪಾತ ಅಪರಾಧ, ಮಾಡಿಸಿಕೊಂಡರೆ ಜೈಲು.’ ‘ಗಂಡನ ಸಹಿ ಇಲ್ಲದೆ ಯಾವ ಡಾಕ್ಟರೂ ಮುಟ್ಟುವುದಿಲ್ಲ.’ ‘ಮೊದಲ ಬಸಿರು ತೆಗೆಸಿದರೆ ಮತ್ತೆ ಮಕ್ಕಳಾಗುವುದಿಲ್ಲ.’ ‘ಪರಂಗಿ ಹಣ್ಣು, ಎಳ್ಳು, ಬೆಲ್ಲ ತಿಂದರೆ ತಾನಾಗಿಯೇ ಹೋಗುತ್ತದೆ.’ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಈ ನಾಲ್ಕೂ ಮಾತುಗಳು ತಪ್ಪು. ಆದರೆ ಇವನ್ನು ತಮಾಷೆ ಎಂದು ಬಿಟ್ಟುಬಿಡುವಂತಿಲ್ಲ. ಇವನ್ನು ನಂಬಿದ ಹೆಣ್ಣುಮಗಳು ಆಸ್ಪತ್ರೆಗೆ ತಡವಾಗಿ ಹೋಗುತ್ತಾಳೆ, ಅಥವಾ ಹೋಗುವುದೇ ಇಲ್ಲ. ಗರ್ಭಪಾತದಲ್ಲಿ ಅಪಾಯ ಹೆಚ್ಚುವುದು ಮುಖ್ಯವಾಗಿ ಈ ಎರಡು ಕಾರಣಕ್ಕೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಬಂದು ಐವತ್ತು ವರ್ಷ ದಾಟಿದೆ. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದರಲ್ಲಿ ಒಂದು ಗರ್ಭಪಾತ ಮಾತ್ರ ಸರ್ಕಾರಿ ಆಸ್ಪತ್ರೆಯಲ್ಲಿ ನಡೆದಿದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಖಾಸಗಿಯಲ್ಲಿ. ಕಾಲು ಭಾಗಕ್ಕಿಂತ ಹೆಚ್ಚು ಮನೆಯಲ್ಲಿ, ಮಹಿಳೆಯೇ ಮಾಡಿಕೊಂಡದ್ದು. ಹೀಗೇಕಾಯಿತು ಎಂದು ಕಾನೂನಿನಿಂದಲೇ ಶುರುಮಾಡಿ ನೋಡೋಣ.

ಸಹಿ ಯಾರದು?

ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಸಂಸತ್ತು ಒಪ್ಪಿದ್ದು 1971ರಲ್ಲಿ, ಅದು ಜಾರಿಗೆ ಬಂದದ್ದು 1972ರ ಏಪ್ರಿಲ್ 1ರಂದು. ಜನ ಇದನ್ನು ಎಂಟಿಪಿ ಕಾಯ್ದೆ ಎನ್ನುತ್ತಾರೆ. ಇದರ ಪ್ರಕಾರ 18 ವರ್ಷ ತುಂಬಿದ ಮಹಿಳೆಯ ಗರ್ಭಪಾತಕ್ಕೆ ಬೇಕಾದದ್ದು ಒಂದೇ ಒಪ್ಪಿಗೆ: ಆಕೆಯದು. ಫಾರ್ಮ್ ‘ಸಿ’ ಎಂಬ ಒಂದು ಹಾಳೆಗೆ ಆಕೆ ಸಹಿ ಹಾಕಿದರೆ ಸಾಕು. ಗಂಡ, ಅತ್ತೆ, ಅಪ್ಪ, ಅಣ್ಣ ಯಾರ ಸಹಿಯನ್ನೂ ಕಾಯ್ದೆ ಕೇಳುವುದಿಲ್ಲ. ಆದರೂ ಅನೇಕ ಆಸ್ಪತ್ರೆಗಳು ‘ಮನೆಯವರನ್ನು ಕರೆದುಕೊಂಡು ಬಾರಮ್ಮ’ ಎನ್ನುತ್ತವೆ. ಮುಂದೆ ಯಾರಾದರೂ ಬಂದು ಜಗಳ ತೆಗೆದರೆ ಎಂಬ ಭಯ ಅವರದು. ಭಯ ಅರ್ಥವಾಗುವಂಥದ್ದೇ, ಆದರೆ ಅದು ಕಾನೂನಲ್ಲ. 18 ತುಂಬದ ಹುಡುಗಿಗೆ ಮಾತ್ರ, ಮತ್ತು ಮಾನಸಿಕ ಕಾಯಿಲೆ ಇರುವವರಿಗೆ, ಪೋಷಕರ ಲಿಖಿತ ಒಪ್ಪಿಗೆ ಬೇಕು.

ಮದುವೆಯಾಗಿರಬೇಕೇ? ಬೇಕಿಲ್ಲ. ಹಳೆಯ ಕಾಯ್ದೆಯಲ್ಲಿ ಗರ್ಭನಿರೋಧಕ ವಿಫಲವಾದ ಕಾರಣವನ್ನು ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಮಾತ್ರ ಹೇಳಬಹುದಿತ್ತು. 2021ರ ತಿದ್ದುಪಡಿಯಲ್ಲಿ ಅದು ‘ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದಾಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 20ರಿಂದ 24 ವಾರಗಳ ನಡುವಿನ ಅವಕಾಶದಿಂದ ಅವಿವಾಹಿತೆಯರನ್ನು ಹೊರಗಿಡುವಂತಿಲ್ಲ ಎಂದಿತು. ಗಂಡನಿಂದಲೇ ಬಲಾತ್ಕಾರವಾಗಿ ಗರ್ಭ ನಿಂತಿದ್ದರೆ, ಗರ್ಭಪಾತದ ಉದ್ದೇಶಕ್ಕೆ ಅದನ್ನೂ ಅತ್ಯಾಚಾರವೆಂದೇ ಪರಿಗಣಿಸಬೇಕು ಎಂದಿತು.

ಹಾಗೆಂದು ಇದು ಕೇಳಿದ ಕೂಡಲೇ ಸಿಗುವ ಹಕ್ಕೂ ಅಲ್ಲ. ಗರ್ಭ ಕೊನೆಗಾಣಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಈಗಲೂ ಅಪರಾಧದ ಪಟ್ಟಿಯಲ್ಲಿದೆ. ಎಂಟಿಪಿ ಕಾಯ್ದೆ ಅದಕ್ಕೆ ಒಂದು ವಿನಾಯಿತಿ, ಅಷ್ಟೆ. ಮಹಿಳೆಯ ಜೀವಕ್ಕೆ ಅಪಾಯ, ದೇಹಕ್ಕೆ ಅಥವಾ ಮನಸ್ಸಿಗೆ ಗಂಭೀರ ಹಾನಿ, ಭ್ರೂಣದಲ್ಲಿ ಗಂಭೀರ ದೋಷ, ಇವುಗಳಲ್ಲಿ ಒಂದು ಇದೆ ಎಂದು ವೈದ್ಯರು ಅಭಿಪ್ರಾಯ ಬರೆಯಬೇಕು. ಅತ್ಯಾಚಾರದಿಂದ ನಿಂತ ಗರ್ಭ, ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭ ಎರಡನ್ನೂ ಮಾನಸಿಕ ಹಾನಿ ಎಂದೇ ಕಾಯ್ದೆ ಎಣಿಸುತ್ತದೆ. ‘ಮಾತ್ರೆ ನುಂಗುತ್ತಿದ್ದೆ, ಆದರೂ ಆಯಿತು’, ‘ಕಾಂಡೋಮ್ ಹರಿದಿತ್ತು’ ಎಂಬ ಮಾತೂ ಕಾನೂನಿನ ಕಣ್ಣಿಗೆ ಸಕಾರಣವೇ. ಇದು ಬಹಳ ಜನರಿಗೆ ಗೊತ್ತಿಲ್ಲ.

ಇನ್ನು ಗುಟ್ಟಿನ ವಿಷಯ. ಮಹಿಳೆಯ ಹೆಸರು, ವಿವರವನ್ನು ಕಾನೂನು ಪ್ರಕಾರ ಅಧಿಕಾರ ಇಲ್ಲದವರಿಗೆ ಹೇಳಿದರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇದು ಆಸ್ಪತ್ರೆಗೆ ಅನ್ವಯಿಸುವ ಶಿಕ್ಷೆ. ಫಾರ್ವರ್ಡ್‌ಗಳು ಹೆದರಿಸುವುದು ಮಾತ್ರ ಆ ಹೆಣ್ಣುಮಗಳನ್ನು.

ವಾರಗಳ ಲೆಕ್ಕ, ಎಲ್ಲರೂ ಎಡವುವ ಜಾಗ

ಗರ್ಭದ ವಯಸ್ಸನ್ನು ಲೆಕ್ಕ ಹಾಕುವುದು ಗಂಡ ಹೆಂಡತಿ ಕೂಡಿದ ದಿನದಿಂದಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ, ಮುಟ್ಟು ಒಂದು ವಾರ ತಡವಾಗಿದೆ ಎಂದು ಗಾಬರಿಯಾಗುವ ಹೊತ್ತಿಗೆ ಗರ್ಭಕ್ಕೆ ಆಗಲೇ 5 ವಾರ. ಮಾತ್ರೆಯಿಂದ ಮಾಡುವ ಗರ್ಭಪಾತಕ್ಕೆ ನಮ್ಮ ನಿಯಮ ಇಟ್ಟಿರುವ ಗಡಿ 9 ವಾರ. ಅಂದರೆ ಯೋಚಿಸಲು, ಯಾರಿಗಾದರೂ ಹೇಳಲು, ದುಡ್ಡು ಹೊಂದಿಸಲು, ಕೆಲಸಕ್ಕೆ ರಜೆ ಕೇಳಲು, ಬಸ್ ಹತ್ತಲು ಉಳಿದದ್ದು ಸುಮಾರು ನಾಲ್ಕು ವಾರ. ಮುಟ್ಟು ಏರುಪೇರಾಗುವವರಿಗೆ, ಎದೆಹಾಲು ಕುಡಿಸುತ್ತಿದ್ದು ಇನ್ನೂ ಮುಟ್ಟೇ ಬಾರದವರಿಗೆ ಈ ಸಮಯವೂ ಇರುವುದಿಲ್ಲ.

ಆದ್ದರಿಂದ ಸಂಶಯ ಬಂದ ಕೂಡಲೇ ಮೂತ್ರ ಪರೀಕ್ಷೆ. ‘ನಿಶ್ಚಯ್’ ಎಂಬ ಹೆಸರಿನ ಪರೀಕ್ಷೆಯ ಕಿಟ್ಟನ್ನು ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ಕೊಡುತ್ತದೆ. ಊರಿನ ಆಶಾಳನ್ನು ಕೇಳಲು ಮುಜುಗರವಾದರೆ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ.

ಕಾನೂನಿನ ಗಡಿಗಳು ಹೀಗಿವೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದು ಬೇಕು, ಅದೂ ಕೆಲವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಗರ್ಭಿಣಿಯಾಗಿದ್ದಾಗ ಗಂಡ ತೀರಿಕೊಂಡ ಅಥವಾ ವಿಚ್ಛೇದನವಾದ ಮಹಿಳೆಯರು, ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು, ಭ್ರೂಣದಲ್ಲಿ ಗಂಭೀರ ದೋಷ ಕಂಡುಬಂದವರು, ನೆರೆ ಮುಂತಾದ ವಿಪತ್ತಿನಲ್ಲಿ ಸಿಕ್ಕಿಬಿದ್ದವರು. 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ದೋಷ ಇದ್ದರೆ ಮಾತ್ರ, ಅದೂ ರಾಜ್ಯದ ವೈದ್ಯಕೀಯ ಮಂಡಳಿ ಒಪ್ಪಿದರೆ. ಮಂಡಳಿ ಮೂರು ದಿನದೊಳಗೆ ಅಭಿಪ್ರಾಯ ಹೇಳಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದರೆ ವಾರಗಳ ಗಡಿ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು 26 ವಾರ ದಾಟಿದ ಮೇಲೆ ಸುಪ್ರೀಂ ಕೋರ್ಟಿಗೆ ಹೋದಾಗ ಕೋರ್ಟ್ ಒಪ್ಪಲಿಲ್ಲ. ಅವರು ಎದೆಹಾಲು ಕುಡಿಸುತ್ತಿದ್ದರು, ಗರ್ಭ ನಿಂತದ್ದು ತಿಳಿಯುವುದೇ ತಡವಾಗಿತ್ತು.

ಮೆಡಿಕಲ್ ಶಾಪ್‌ನ ಮಾತ್ರೆ

ಮೊದಲು ಒಂದು ಗೊಂದಲ ಬಿಡಿಸೋಣ. ಐ-ಪಿಲ್‌ನಂಥ ತುರ್ತು ಗರ್ಭನಿರೋಧಕ ಮಾತ್ರೆ ಬೇರೆ, ಗರ್ಭಪಾತದ ಮಾತ್ರೆ ಬೇರೆ. ಮೊದಲನೆಯದು ಸಂಭೋಗವಾದ 72 ಗಂಟೆಯೊಳಗೆ ನುಂಗುವಂಥದ್ದು, ಗರ್ಭ ನಿಲ್ಲದಂತೆ ತಡೆಯುತ್ತದೆ, ಚೀಟಿ ಇಲ್ಲದೆ ಸಿಗುತ್ತದೆ. ಗರ್ಭ ನಿಂತ ಮೇಲೆ ಅದನ್ನು ಎಷ್ಟು ನುಂಗಿದರೂ ಉಪಯೋಗವಿಲ್ಲ. ಎರಡನೆಯದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಎಂಬ ಎರಡು ಔಷಧಗಳ ಪ್ಯಾಕ್. ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಮೊದಲನೆಯ ಔಷಧ ಗರ್ಭವನ್ನು ಹಿಡಿದಿಡುವ ಹಾರ್ಮೋನಿನ ಕೆಲಸ ನಿಲ್ಲಿಸುತ್ತದೆ. ಒಂದೆರಡು ದಿನ ಬಿಟ್ಟು ಕೊಡುವ ಎರಡನೆಯದು ಗರ್ಭಕೋಶ ಹಿಂಡಿಕೊಂಡು ಗರ್ಭ ಹೊರಬರುವಂತೆ ಮಾಡುತ್ತದೆ. ಸರಿಯಾದ ವಾರಗಳಲ್ಲಿ, ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ 95ಕ್ಕಿಂತ ಹೆಚ್ಚು ಜನರಿಗೆ ಇದು ಕೆಲಸ ಮಾಡುತ್ತದೆ.

‘ಈ ಮಾತ್ರೆ ವಿಷ’ ಎಂಬ ಸಂದೇಶವೂ ಹರಿದಾಡುತ್ತದೆ. ಅದು ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇವೆರಡೂ ಇವೆ. ತೊಂದರೆ ಬರುವುದು ಗೊತ್ತಿಲ್ಲದೆ ನುಂಗಿದಾಗ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು. ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವು. ಇವರಲ್ಲಿ ಹೆಚ್ಚಿನವರಿಗೆ ಏನೂ ಆಗಿಲ್ಲದಿರಬಹುದು. ಆದರೆ ಅಂಗಡಿಯಾತ ಪ್ಯಾಕ್ ಕೊಡುವಾಗ ಎಷ್ಟು ವಾರ ಎಂದು ಕೇಳುವುದು ಅಪರೂಪ. ಒಳಗೆ ಕಾಪರ್-ಟಿ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದೀರಾ, ರಕ್ತ ಎಷ್ಟಿದೆ ಎಂದು ಕೇಳುವುದಂತೂ ಇಲ್ಲವೇ ಇಲ್ಲ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇರುವವರಿಗೆ ಹೆಚ್ಚಿನ ರಕ್ತಸ್ರಾವ ತಡೆಯುವುದು ಕಷ್ಟ.

ಇನ್ನೂ ಒಂದು ಅಪಾಯ ಇದೆ. ಕೆಲವೊಮ್ಮೆ ಗರ್ಭ ಗರ್ಭಕೋಶದೊಳಗೆ ನಿಲ್ಲದೆ ಪಕ್ಕದ ನಾಳದಲ್ಲಿ ನಿಲ್ಲುತ್ತದೆ. ಈ ಮಾತ್ರೆ ಅದನ್ನು ತೆಗೆಯುವುದಿಲ್ಲ. ರಕ್ತ ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡಿರುವಾಗ ಒಳಗೆ ನಾಳ ಒಡೆಯಬಹುದು. ಹೊಟ್ಟೆಯ ಒಂದೇ ಪಕ್ಕದಲ್ಲಿ ತಡೆಯಲಾಗದ ನೋವು, ಭುಜದಲ್ಲಿ ನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅದು ಜೀವದ ಪ್ರಶ್ನೆ. ತಕ್ಷಣ 108ಕ್ಕೆ ಕರೆ ಮಾಡಬೇಕು.

ಮಾತ್ರೆ ತೆಗೆದುಕೊಂಡವರು ನೆನಪಿಡಬೇಕಾದ ಬೇರೆ ಲಕ್ಷಣಗಳೂ ಇವೆ. ಗಂಟೆಗೆ ಎರಡು ದಪ್ಪ ಪ್ಯಾಡ್ ಪೂರ್ತಿ ನೆನೆಯುವಂತೆ ಎರಡು ಗಂಟೆ ಒಂದೇ ಸಮ ರಕ್ತ ಹೋಗುವುದು, ಒಂದು ದಿನ ಕಳೆದರೂ ಇಳಿಯದ ಜ್ವರ, ಕೆಟ್ಟ ವಾಸನೆಯ ಸ್ರಾವ. ಎರಡನೆಯ ಔಷಧ ತೆಗೆದುಕೊಂಡು 24 ಗಂಟೆಯಾದರೂ ರಕ್ತವೇ ಕಾಣದಿದ್ದರೆ ಅದನ್ನೂ ಹಗುರವಾಗಿ ನೋಡಬಾರದು. ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಬೇಕು.

ಪರಂಗಿ ಹಣ್ಣು, ಬಂಜೆತನ, ಕ್ಯಾನ್ಸರ್

ಪರಂಗಿ ಕಾಯಿಯ ಹಾಲಿನಲ್ಲಿರುವ ಅಂಶಗಳು ಇಲಿಗಳ ಗರ್ಭಕೋಶವನ್ನು ಹಿಂಡಿಸಿದ್ದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಕಳಿತ ಹಣ್ಣಿನಲ್ಲಿ ಆ ಪರಿಣಾಮ ಕಾಣಲಿಲ್ಲ. ಹಣ್ಣು ತಿಂದು ಗರ್ಭ ಹೋಗುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ಆಧಾರವಿಲ್ಲ. ಎಳ್ಳು, ಬೆಲ್ಲ, ಅನಾನಸ್ ಕಥೆಯೂ ಅಷ್ಟೆ. ಇವುಗಳ ಕೆಡುಕು ಏನೆಂದರೆ ಎರಡು ಮೂರು ವಾರ ತಿಂದು ಕಾಯುತ್ತಾ ಕೂರುವುದು. ಗಿಡದ ಕಡ್ಡಿ ಹಾಕಿಸುವುದು, ಹೊಟ್ಟೆ ತಿಕ್ಕಿಸುವುದು ಮಾತ್ರ ನೇರವಾಗಿಯೇ ಅಪಾಯ. ಗರ್ಭಕೋಶ ತೂತಾಗುತ್ತದೆ, ನಂಜೇರುತ್ತದೆ, ಜೀವ ಹೋಗುತ್ತದೆ.

ಸರಿಯಾಗಿ ಮಾಡಿದ ಗರ್ಭಪಾತದಿಂದ ಬಂಜೆತನ ಬರುವುದಿಲ್ಲ. ತದ್ವಿರುದ್ಧವಾಗಿ, ಎಂಟು ಹತ್ತು ದಿನದಲ್ಲೇ ಮತ್ತೆ ಅಂಡಾಣು ಬಿಡುಗಡೆಯಾಗಿ ಮುಂದಿನ ಮುಟ್ಟಿಗೆ ಮುಂಚೆಯೇ ಗರ್ಭ ನಿಲ್ಲಬಹುದು. ಮಕ್ಕಳಾಗದಂತೆ ಮಾಡುವುದು ಅರ್ಧಂಬರ್ಧ ಗರ್ಭಪಾತದ ನಂತರ ಚಿಕಿತ್ಸೆ ಸಿಗದೆ ಉಳಿದ ನಂಜು. ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದನ್ನು 16 ದೇಶಗಳ 53 ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪರಿಶೀಲಿಸಿದರು. ಸಂಬಂಧ ಸಿಗಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಏನಿರಬೇಕು?

ಖಾಸಗಿ ಆಸ್ಪತ್ರೆ ಗರ್ಭಪಾತ ಮಾಡಬೇಕಾದರೆ ಜಿಲ್ಲಾ ಸಮಿತಿಯಿಂದ ಅನುಮತಿ ಪಡೆದಿರಬೇಕು. ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ, ಕಾಯ್ದೆಯೇ ಕೊಟ್ಟಿದೆ. ಕೇಂದ್ರದ ಮಾರ್ಗಸೂಚಿಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ, ತರಬೇತಾದ ವೈದ್ಯರಿದ್ದರೆ, ಆರಂಭದ ವಾರಗಳ ಗರ್ಭಪಾತ ಮಾಡಬಹುದು. ಮಾತ್ರೆಯಿಂದಲೂ ಆಗುತ್ತದೆ, ವಿದ್ಯುತ್ ಬೇಡದ ದೊಡ್ಡ ಪ್ಲಾಸ್ಟಿಕ್ ಸಿರಿಂಜ್‌ನಂಥ ಸಾಧನದಿಂದಲೂ ಆಗುತ್ತದೆ. ಹಳೆಯ ಕಾಲದ, ಕೆರೆದು ತೆಗೆಯುವ ‘ಡಿ ಅಂಡ್ ಸಿ’ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಹೆಚ್ಚು ವಾರಗಳಾಗಿದ್ದರೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆ, ಅಥವಾ ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬದಂಥ ದೊಡ್ಡ ಆಸ್ಪತ್ರೆ.

ಕಾಗದದ ಮೇಲೆ ಇದು ಚೆನ್ನಾಗಿದೆ. ಕೊರತೆ ಇರುವುದು ‘ತರಬೇತಾದ ವೈದ್ಯರಿದ್ದರೆ’ ಎಂಬ ಮಾತಿನಲ್ಲಿ. 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದಷ್ಟು ಪ್ರಸೂತಿ ತಜ್ಞರ ಪೈಕಿ ಸುಮಾರು ಮುಕ್ಕಾಲು ಭಾಗ ಇಲ್ಲ. ಎಂಬಿಬಿಎಸ್ ವೈದ್ಯರೂ ತರಬೇತಿ ಪಡೆದು ಮಾಡಬಹುದು. 2021ರ ನಿಯಮದಲ್ಲಿ ಮಾತ್ರೆಯ ವಿಧಾನಕ್ಕಷ್ಟೇ, ಹತ್ತು ಪ್ರಕರಣಗಳ ಅನುಭವ ಸಾಕೆಂದು ಸಡಿಲಿಸಿದ್ದಾರೆ. ಇದು ಒಳ್ಳೆಯ ಬದಲಾವಣೆ ಎಂಬುದು ನಮ್ಮ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯಂತೂ ತರಬೇತಾದ ನರ್ಸ್, ಸೂಲಗಿತ್ತಿ ದಾದಿಯರೂ ಆರಂಭದ ವಾರಗಳಲ್ಲಿ ಈ ಸೇವೆ ಕೊಡಬಹುದು ಎನ್ನುತ್ತದೆ. 2014ರಲ್ಲಿ ನಮ್ಮಲ್ಲೂ ಅಂಥ ಕರಡು ಮಸೂದೆ ಸಿದ್ಧವಾಗಿತ್ತು, ಮುಂದೆ ಹೋಗಲಿಲ್ಲ.

ಹೆಣ್ಣು ಭ್ರೂಣಹತ್ಯೆ ಬೇರೆ ವಿಷಯ

ಇವೆರಡನ್ನೂ ಒಂದೇ ಎಂದು ತಿಳಿಯುವವರಲ್ಲಿ ಅಧಿಕಾರಿಗಳೂ ಇದ್ದಾರೆ. ಭ್ರೂಣದ ಲಿಂಗ ಪತ್ತೆ ಮಾಡುವುದು 1994ರ ಬೇರೊಂದು ಕಾಯ್ದೆಯಡಿ ಅಪರಾಧ. 2023ರ ಕೊನೆಯಲ್ಲಿ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣೆಂದರೆ ತೆಗೆಸುತ್ತಿದ್ದ ಜಾಲ ಹೊರಬಂದಾಗ ಇಡೀ ರಾಜ್ಯ ಬೆಚ್ಚಿತು. ಅಂಥವರನ್ನು ಹಿಡಿಯಲೇಬೇಕು. ಆದರೆ ಇಂಥ ಸುದ್ದಿಯ ನಂತರ ‘ಗರ್ಭಪಾತದ ಮಾತ್ರೆಯನ್ನೇ ನಿಲ್ಲಿಸಿ’ ಎಂಬ ಕೂಗು ಏಳುತ್ತದೆ. ಲೆಕ್ಕ ನೋಡಿ: ಮಾತ್ರೆಯ ಗಡಿ 9 ವಾರ. ಸ್ಕ್ಯಾನಿಂಗ್‌ನಲ್ಲಿ ಲಿಂಗ ಖಚಿತವಾಗಿ ಕಾಣುವುದು 12 ವಾರದ ನಂತರ. ಲಿಂಗ ನೋಡಿ ತೆಗೆಸುವವರು ಆ ಹೊತ್ತಿಗೆ ಮಾತ್ರೆಯ ಗಡಿ ದಾಟಿರುತ್ತಾರೆ. ಮಾತ್ರೆ ನಿಲ್ಲಿಸಿದರೆ ಬೇಗ ಬರುವವರಿಗೆ ಬಾಗಿಲು ಮುಚ್ಚಿದಂತೆ.

ಬೆಳಗಾವಿಯ ಸವಿತಾ ಮತ್ತು ಐರ್ಲೆಂಡ್

ಸೇವೆಯನ್ನು ಸೊನ್ನೆಯಿಂದ ಕಟ್ಟಿದ ದೇಶವೊಂದಿದೆ, ಅದರ ಹಿಂದೆ ನಮ್ಮ ರಾಜ್ಯದ ಹೆಣ್ಣುಮಗಳೊಬ್ಬಳ ಸಾವಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರಲ್ಲಿ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದರು. 17 ವಾರದ ಗರ್ಭ ತಾನಾಗಿಯೇ ಹೋಗುತ್ತಿತ್ತು, ಉಳಿಯುವಂತಿರಲಿಲ್ಲ. ಗರ್ಭಪಾತ ಮಾಡಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ಮಾಡಲಿಲ್ಲ. ನಂಜು ಮೈಗೇರಿ ಅಕ್ಟೋಬರ್ 28ರಂದು ತೀರಿಕೊಂಡರು. ವಯಸ್ಸು 31.

2018ರ ಮೇ ತಿಂಗಳಲ್ಲಿ ನಡೆದ ಜನಮತದಲ್ಲಿ ಶೇ 66.4 ಜನ ಸಂವಿಧಾನದಿಂದ ಆ ನಿಷೇಧವನ್ನು ತೆಗೆಯಲು ಮತ ಹಾಕಿದರು. 2019ರ ಜನವರಿ 1ರಿಂದ ಸೇವೆ ಶುರು. 12 ವಾರದವರೆಗೆ ಕಾರಣ ಹೇಳಬೇಕಿಲ್ಲ. 9 ವಾರದೊಳಗಾದರೆ ದೊಡ್ಡಾಸ್ಪತ್ರೆ ಬೇಡ, ಜ್ವರ ನೆಗಡಿಗೆ ನೋಡುವ ಸಾಮಾನ್ಯ ವೈದ್ಯರೇ ಮಾತ್ರೆ ಕೊಡುತ್ತಾರೆ. ಅಲ್ಲಿನ ನಿವಾಸಿಗಳಿಗೆ ಹಣವಿಲ್ಲ. ಸರ್ಕಾರವೇ ನಡೆಸುವ ಒಂದು ಸಹಾಯವಾಣಿಗೆ ಕರೆ ಮಾಡಿದರೆ, ಹತ್ತಿರದಲ್ಲಿ ಯಾವ ವೈದ್ಯರು ಈ ಸೇವೆ ಕೊಡುತ್ತಾರೆ ಎಂದು ಹೇಳುತ್ತಾರೆ, ಮಾತಾಡಬೇಕೆನಿಸಿದರೆ ಆಪ್ತಸಮಾಲೋಚಕರನ್ನು ಕೊಡುತ್ತಾರೆ. ಅಲ್ಲೂ ಎಲ್ಲ ಸುಸೂತ್ರವಾಗಿಲ್ಲ. 2023ರ ಪರಿಶೀಲನಾ ವರದಿಯ ಹೊತ್ತಿಗೆ 19 ಹೆರಿಗೆ ಆಸ್ಪತ್ರೆಗಳಲ್ಲಿ 11ರಲ್ಲಿ ಮಾತ್ರ ಪೂರ್ಣ ಸೇವೆ ಇತ್ತು. ಆದರೂ ‘ಎಲ್ಲಿಗೆ ಹೋಗಲಿ?’ ಎಂಬ ಪ್ರಶ್ನೆಗೆ ಅಲ್ಲಿ ಒಂದು ಫೋನ್ ನಂಬರಿನ ಉತ್ತರವಿದೆ. ಐವತ್ತು ವರ್ಷದ ಕಾನೂನಿರುವ ನಮ್ಮಲ್ಲಿ ಆ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದು ಮೆಡಿಕಲ್ ಶಾಪ್‌ನಲ್ಲಿ.

ಸಮಾಲೋಚನೆ ಎಂದರೆ ಬುದ್ಧಿವಾದವಲ್ಲ

ಸಮಾಲೋಚನೆ ಎಂದರೆ ‘ಇನ್ನೊಂದು ಇರಲಿ ಬಿಡಮ್ಮ’ ಎಂದು ಮನವೊಲಿಸುವುದಲ್ಲ. ನಿರ್ಧಾರ ಆಕೆಯದೇನಾ, ಯಾರಾದರೂ ಒತ್ತಾಯಿಸುತ್ತಿದ್ದಾರಾ ಎಂದು ಗಂಡನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ ಕೇಳುವುದು. ಬಸಿರು ಮುಂದುವರಿಸಲು ಇಷ್ಟವಿದ್ದರೆ ಅದಕ್ಕೆ ಏನು ನೆರವಿದೆ ಎಂದು ಹೇಳುವುದು. ಬೇಡವಾದರೆ ಯಾವ ವಿಧಾನ, ಎಷ್ಟು ನೋವು, ಎಷ್ಟು ದಿನ ರಕ್ತ ಎಂದು ತಿಳಿಸುವುದು. ನಂತರ ವಂಕಿ, ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ ಇವುಗಳಲ್ಲಿ ಯಾವುದು ಬೇಕು ಎಂದು ಕೇಳುವುದು. ಕೇಳುವುದು ಮಾತ್ರ. ‘ಆಪರೇಷನ್ ಮಾಡಿಸಿಕೊಂಡರೆ ಮಾತ್ರ ತೆಗೆಯುತ್ತೇವೆ’ ಎಂದು ಷರತ್ತು ಹಾಕುವಂತಿಲ್ಲ, ಕೇಂದ್ರದ ಮಾರ್ಗಸೂಚಿಯಲ್ಲೇ ಇದು ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181.

18 ತುಂಬದ ಹುಡುಗಿ ಬಂದರೆ ಪೋಕ್ಸೋ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಬೇಕು. ಈ ಭಯಕ್ಕೇ ಅನೇಕ ಮನೆಯವರು ಕಳ್ಳದಾರಿ ಹಿಡಿಯುತ್ತಾರೆ. 2022ರ ಅದೇ ತೀರ್ಪು ಇದಕ್ಕೊಂದು ದಾರಿ ಕೊಟ್ಟಿದೆ. ಪರಸ್ಪರ ಒಪ್ಪಿ ಕೂಡಿದ್ದಾಗಿದ್ದರೆ, ಹುಡುಗಿ ಮತ್ತು ಪೋಷಕರು ಕೋರಿದಾಗ ವೈದ್ಯರು ಆ ವರದಿಯಲ್ಲಿ ಹುಡುಗಿಯ ಹೆಸರು, ಗುರುತು ಬರೆಯಬೇಕಿಲ್ಲ.

ಕೊನೆಯದಾಗಿ, ಈಗಾಗಲೇ ಅಂಗಡಿಯಿಂದ ತಂದು ನುಂಗಿ ತೊಂದರೆಯಲ್ಲಿರುವವರಿಗೆ. ಆಸ್ಪತ್ರೆಗೆ ಹೋಗುವಾಗ ಖಾಲಿ ಪ್ಯಾಕ್ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಮಾತ್ರೆ, ಎಷ್ಟು, ಯಾವ ದಿನ ಎಂದು ನಿಜ ಹೇಳಿ. ನಿಜ ತಿಳಿದರೆ ವೈದ್ಯರು ನಾಳದ ಗರ್ಭವನ್ನು ಹುಡುಕುತ್ತಾರೆ, ಉಳಿದದ್ದನ್ನು ತೆಗೆಯುತ್ತಾರೆ, ರಕ್ತ ಏರಿಸುತ್ತಾರೆ. ಅರ್ಧವಾದ ಗರ್ಭಪಾತಕ್ಕೆ ಚಿಕಿತ್ಸೆ ಕೊಡುವುದು ಅಪರಾಧವಲ್ಲ. ರಕ್ತ ಹೋಗುತ್ತಿರುವವರನ್ನು ಯಾವ ಸರ್ಕಾರಿ ಆಸ್ಪತ್ರೆಯೂ ಬಾಗಿಲಿಂದ ವಾಪಸ್ ಕಳಿಸುವಂತಿಲ್ಲ.